ತಾತನ ಕೈ ಹೇಳಿದ್ದು

ಮಾರ್ಚ್ 4

ಅಕ್ಕಾ,

ಐದು ತಿಂಗಳಿಂದ ನಿನಗೆ ಒಂದು ಸಾಲೂ ಬರೆಯಲಿಲ್ಲ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಓದು. ಮೌನದ ಮನೆಯಲ್ಲಿ ಯಾರೂ ಫೋನ್ ಇಟ್ಟುಕೊಳ್ಳುವಂತಿಲ್ಲ, ಪೆನ್ನೇ ಗತಿ. ಆ ಪೆನ್ನು ಹಿಡಿಯುವುದಕ್ಕೂ ನನಗೆ ಪುರುಸೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ತಾತನಿಗೆ ಲಕ್ವ ಹೊಡೆಯಿತು. ನಲವತ್ತು ವರ್ಷ ಈ ಮನೆಯನ್ನು ನಡೆಸಿದವರು, ನನ್ನಂಥ ಹದಿನಾರು ಮಂದಿಯನ್ನು ಎದುರಿಗೆ ಕೂರಿಸಿಕೊಂಡು ಧ್ಯಾನ ಕಲಿಸಿದವರು. ಒಂದೇ ಬೆಳಿಗ್ಗೆಯಲ್ಲಿ ಮಾತು ಹೋಯಿತು, ಬಲಭಾಗ ಹೋಯಿತು. ಎಡಗೈಯಲ್ಲಿ ಮಾತ್ರ ಸ್ವಲ್ಪ ಜೀವ ಉಳಿಯಿತು. ಎಲ್ಲರೂ ಕೈಚೆಲ್ಲಿ ಕೂತಿದ್ದಾಗ ಆ ಕೈ ಮಾತಾಡುತ್ತಿದೆ ಎಂದು ಮೊದಲು ಕಂಡುಕೊಂಡವನು ನಾನು. ನೀರು ಕುಡಿಸುವಾಗ ನನ್ನ ಬೆರಳನ್ನು ಒತ್ತಿದರು. "ಸಾಕಾ ತಾತ?" ಅಂದೆ. ಒಂದು ಸಲ ಒತ್ತಿದರು. "ಇನ್ನೂ ಬೇಕಾ?" ಅಂದೆ. ಎರಡು ಸಲ. ಒಂದು ಒತ್ತಿದರೆ ಹೌದು, ಎರಡು ಒತ್ತಿದರೆ ಅಲ್ಲ.

ನಮ್ಮ ಕಾರ್ಯದರ್ಶಿಗಳು ಗೊತ್ತಲ್ಲ, ನಿವೃತ್ತ ಹೆಡ್‌ಮಾಸ್ಟರ್? ಅವರೂ ಹಿಡಿದು ನೋಡಿದರು, ಏನೂ ತಿಳಿಯಲಿಲ್ಲ. ಆ ಒತ್ತು ಅಷ್ಟು ಸಣ್ಣದು. ಹದಿನೆಂಟು ವರ್ಷ ಲಿಫ್ಟಿನ ಹಗ್ಗದ ಮೇಲೆ ಕೈಯಿಟ್ಟು, ಯಾವ ಎಳೆ ಸವೆದಿದೆ ಎಂದು ಹೇಳುತ್ತಿದ್ದ ಕೈ ನನ್ನದು. ಕೈಯಲ್ಲೇ ಕಿವಿಯಿದೆಯೆಂದು ಲಿಫ್ಟ್ ರಿಪೇರಿ ವರ್ಕ್‌ಶಾಪಿನಲ್ಲಿ ನನ್ನನ್ನು 'ಕಿವಿ' ಎಂದು ಕರೆಯುತ್ತಿದ್ದುದು ಸುಮ್ಮನೆಯೇ?

ಈಗ ಜನ ತಾತನ ಹತ್ತಿರ ಬಂದು ತಮ್ಮ ಕಷ್ಟ ಕೇಳುತ್ತಾರೆ. ನಾನು ಕೈ ಹಿಡಿದುಕೊಂಡು ಹೇಳುತ್ತೇನೆ. ಮೊದಲು ವಾರಕ್ಕೆ ಇಪ್ಪತ್ತು ಜನ ಬರುತ್ತಿದ್ದರು, ಈಗ ಭಾನುವಾರ ಒಂದೇ ದಿನಕ್ಕೆ ಹಾಲ್ ತುಂಬಿ ಮೆಟ್ಟಿಲ ಮೇಲೂ ಕೂರುತ್ತಾರೆ. ಕಾರ್ಯದರ್ಶಿಗಳು ತಾತನ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿಸಿದ್ದಾರೆ. ನಾನು ಬೇಡವೆಂದೆ. ಎರಡು ಸಲ ಬೇಡವೆಂದೆ.

ನಿನ್ನ ಅಂಗಡಿ ಹೇಗೆ ನಡೆದಿದೆ? ಕಾಜಕ್ಕನನ್ನು ಕೇಳಿದೆನೆಂದು ಹೇಳು.

ನಿನ್ನ ತಮ್ಮ

~

ಮಾರ್ಚ್ 15

ತಮ್ಮಾ,

ಬೈಯಬೇಕೆಂದೇ ಕವರು ಒಡೆದೆ. ಓದಿ ಮುಗಿಸುವಷ್ಟರಲ್ಲಿ ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಇಟ್ಟಿದ್ದೇ ಮರೆತೆ, ಯಾರದೋ ಪ್ಯಾಂಟಿನ ಕಾಲು ಕಂದಿತು. ಅದರ ಯಜಮಾನ ಬಂದಾಗ ಅವನಿಗೂ ನಿನ್ನ ಕಾಗದ ಓದಿ ಹೇಳಿದೆ. ಪ್ಯಾಂಟಿನ ಮಾತೇ ಎತ್ತದೆ ಹೋದ!

ನಿನ್ನನ್ನು ನಾನು ಏನೆಲ್ಲ ಅಂದಿದ್ದೆ. ಇದ್ದ ಕೆಲಸ ಬಿಟ್ಟು ಕಣ್ಣು ಮುಚ್ಚಿ ಕೂರಲು ಹೊರಟವನು, ಕೈಲಾಗದವನು ಎಂದೆಲ್ಲ. ನಮ್ಮ ಬೀದಿಯವರು ಆರು ವರ್ಷದಿಂದ "ನಿನ್ನ ತಮ್ಮ ಏನ್ಮಾಡ್ತಿದ್ದಾನೆ?" ಎಂದು ಕೇಳಿದಾಗ ಸೂಜಿಗೆ ದಾರ ಹಾಕುವವಳಂತೆ ತಲೆ ತಗ್ಗಿಸುತ್ತಿದ್ದೆ. ಈಗ ಅವರು ಕೇಳುವ ಮೊದಲೇ ಹೇಳುತ್ತಿದ್ದೇನೆ.

ಒಂದು ಕೆಲಸ ಆಗಬೇಕು. ಕಾಜಕ್ಕನಿಗೆ ಎಡಗಡೆ ಎದೆಯಲ್ಲಿ ಗಂಟಾಗಿದೆ. ಹುಣಸೆಬೀಜದಷ್ಟು ಎಂದಳು. ಇಲ್ಲಿಯ ಡಾಕ್ಟರು ಮುಟ್ಟಿ ನೋಡಿ, ತಡ ಮಾಡದೆ ಆಪರೇಷನ್ ಮಾಡಿಸಿ ಅಂದರಂತೆ. ಆವತ್ತಿನಿಂದ ಇವಳಿಗೆ ಅನ್ನ ಸೇರುತ್ತಿಲ್ಲ. ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಊರಿನ ಶರ್ಟುಗಳಿಗೆಲ್ಲ ಗುಂಡಿ ತೂರುವ ಕಾಜಾ ಹೊಲಿದು ಕಾಜಕ್ಕ ಎಂದೇ ಹೆಸರಾದವಳು, ಮೊನ್ನೆ ಒಂದು ಶರ್ಟಿಗೆ ಕಾಜಾ ಉಲ್ಟಾ ಹಾಕಿದಳು. ಅಷ್ಟು ಹೆದರಿದ್ದಾಳೆ. ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುವವಳು, ಹಿಂದೆ ಮುಂದೆ ಯಾರೂ ಇಲ್ಲ.

"ಒಂದ್ಸಲ ತಾತನ್ನ ಕೇಳ್ಕೊಂಡು ಬಂದ್ಬಿಡು, ನನ್ನ ತಮ್ಮನೇ ಅಲ್ವಾ ಪಕ್ಕದಲ್ಲಿ ಕೂತಿರೋದು" ಅಂದೆ. ಒಪ್ಪಿದ್ದಾಳೆ. ಏಪ್ರಿಲ್ ಮೊದಲ ವಾರ ಬಸ್ ಹತ್ತಿಸುತ್ತೇನೆ. ಚೆನ್ನಾಗಿ ನೋಡಿಕೊ. ಮುಂದಿನ ಸಾಲಿನಲ್ಲಿ ಕೂರಿಸು.

ನಿನ್ನ ಅಕ್ಕ

~

ಏಪ್ರಿಲ್ 2

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಜಕ್ಕನನ್ನು ಈಗ ಕಳಿಸಬೇಡ. ತಾತನಿಗೆ ಆಯಾಸ ಜಾಸ್ತಿಯಾಗಿದೆ. ಬಿಸಿಲು ಬೇರೆ. ಐದು ಗಂಟೆ ಬಸ್ಸಿನಲ್ಲಿ ಬಂದು ಅವರಿಗೂ ಸುಸ್ತಾಗುತ್ತದೆ. ಡಾಕ್ಟರು ಹೇಳಿದ್ದನ್ನು ಮಾಡಿಸಲಿ, ತಾತನನ್ನು ಆಮೇಲೆ ನೋಡಿದರಾಯಿತು.

ಬೇರೇನೂ ಇಲ್ಲ. ನಾನು ಚೆನ್ನಾಗಿದ್ದೇನೆ.

ತಮ್ಮ

~

ಏಪ್ರಿಲ್ 9

ತಮ್ಮಾ,

ನಿನ್ನ ಕಾಗದ ಬಂದದ್ದು ಏಳನೇ ತಾರೀಖು. ಕಾಜಕ್ಕ ನಾಲ್ಕಕ್ಕೇ ಬಸ್ ಹತ್ತಿದ್ದಳು, ಐದಕ್ಕೆ ನಿಮ್ಮಲ್ಲಿದ್ದು ಆರಕ್ಕೆ ವಾಪಸ್ ಬಂದೂ ಆಗಿತ್ತು! ನಿನಗೆ ಯಾವಾಗಲೂ ಸಂಕೋಚವೇ. ಸ್ವಂತ ಅಕ್ಕ ಒಬ್ಬರನ್ನು ಕಳಿಸಿದರೆ ತಾತನಿಗೆ ಭಾರವಾಗುತ್ತದೆಯೇ?

ಹೋದವಳೇ ಬೇರೆ, ಬಂದವಳೇ ಬೇರೆ. ಬಂದ ದಿನ ಎರಡು ತುತ್ತು ಹೆಚ್ಚೇ ಉಂಡಳು. ನೀನು ಕಣ್ಣು ಮುಚ್ಚಿ ತಾತನ ಕೈ ಹಿಡಿದದ್ದು, ಹಾಲ್‌ನಲ್ಲಿ ಸೂಜಿ ಬಿದ್ದರೆ ಕೇಳುವಂತಿದ್ದದ್ದು, ಆಮೇಲೆ ನಿನ್ನ ಬಾಯಿಂದ ಆ ಮಾತು ಬಂದದ್ದು, ಎಲ್ಲವನ್ನೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ. "ಕತ್ತರಿ ಬೇಡ. ಕಾಯಿರಿ. ಬಂದದ್ದು ಬಂದ ದಾರೀಲೇ ಹೋಗುತ್ತೆ." ಕತ್ತರಿ ಎಂದು ಕೇಳಿದ ಕೂಡಲೇ ಅವಳ ಮೈ ಝುಮ್ಮೆಂದಿತಂತೆ. "ನಾನು ಹೊಲಿಗೆಯವಳು ಅಂತ ತಾತನಿಗೆ ಹೇಗೆ ಗೊತ್ತಾಯ್ತು?" ಎಂದು ಇನ್ನೂ ಕೇಳುತ್ತಲೇ ಇದ್ದಾಳೆ.

ಒಂದು ಮಾತ್ರ ಅವಳಿಗೆ ಬೇಜಾರು. ತಾತನ ಮುಖ ನೋಡಲಾಗಲಿಲ್ಲವಂತೆ. ಗಾಲಿಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದ್ದಿರಂತೆ, ಬೆನ್ನು ಮಾತ್ರ ಕಂಡಿತಂತೆ. ಬೆಳಕಿಗಿರಬೇಕು ಎಂದೆ.

ಡಾಕ್ಟರಿಗೆ ಈಗ ಬರುವುದಿಲ್ಲವೆಂದು ಹೇಳಿ ಕಳಿಸಿದಳು.

ಅಕ್ಕ

~

ಏಪ್ರಿಲ್ 20

ಅಕ್ಕಾ,

ಕಾಜಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ತಾತ ಹೇಳಿದ್ದು ಅವರ ಮನಸ್ಸಿನ ಧೈರ್ಯಕ್ಕೆ. ಮದ್ದೂ ಇರಲಿ, ಅದೂ ಇರಲಿ. ಎರಡೂ ಇರಲಿ. ಈ ಕಾಗದವನ್ನು ಅವರಿಗೆ ಓದಿ ಹೇಳು. ಗಂಟು ದೊಡ್ಡದಾಗಿದೆಯಾ, ನೋವಿದೆಯಾ, ಬಿಡಿಸಿ ಬರೆ. ಬೇಗ ಬರೆ.

ತಮ್ಮ

~

ಮೇ 11

ಅಕ್ಕಾ,

ಉತ್ತರ ಬರಲಿಲ್ಲ. ದಿನಾ ಅಂಚೆಯವನ ಸೈಕಲ್ ಬರುವ ಹೊತ್ತಿಗೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಅವನು ನಿಲ್ಲದೆ ಹೋಗುತ್ತಾನೆ. ಒಂದು ಸಾಲಾದರೂ ಹಾಕು.

ತಮ್ಮ

~

ಜೂನ್ 30

ತಮ್ಮಾ,

ನಿನ್ನ ಎರಡು ಕಾಗದಗಳೂ ಬಂದಿದ್ದವು. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಬಾಬಿನ್ ಡಬ್ಬದ ಕೆಳಗೆ ಇಟ್ಟಿದ್ದೆ. ಕಾಜಕ್ಕನಿಗೆ ತೋರಿಸಲಿಲ್ಲ. ಎರಡು ನಾಲಿಗೆಯ ಮಾತಾಡುತ್ತಿದ್ದೀಯಲ್ಲ ಎಂದು ಸಿಟ್ಟು ಬಂತು. ಹಾಲ್‌ನಲ್ಲಿ ಒಂದು ಹೇಳಿ, ಕಾಗದದಲ್ಲಿ ಇನ್ನೊಂದು ಬರೆದರೆ ನಾನು ಯಾರಿಗೆ ಏನೆಂದು ಹೇಳಲಿ? ಇಡೀ ಬೀದಿಗೆ ಹೇಳಿಕೊಂಡವಳು ನಾನು. ನನ್ನ ಮುಖ ಎಲ್ಲಿಡಲಿ?

ಈಗ ಬರೆಯದೆ ಇರುವುದಕ್ಕೆ ಆಗುತ್ತಿಲ್ಲ. ಗಂಟು ಹುಣಸೆಬೀಜದಷ್ಟಿದ್ದದ್ದು ಈಗ ನಿಂಬೆಹಣ್ಣಿನಷ್ಟಾಗಿದೆ. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿದೆ. ಕಂಕುಳಲ್ಲೂ ಏನೋ ಸಿಗುತ್ತದೆ. ಎಡಗೈ ಎತ್ತಿದರೆ ನೋವು ಎಂದು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ಹೊಲಿಯುತ್ತಾಳೆ. ನಾನು "ಡಾಕ್ಟರಿಗೆ ತೋರಿಸೋಣ" ಅಂದರೆ, "ಕಾಯಿರಿ ಅಂದಿದ್ದಾರಲ್ಲ, ನಡುವೆ ಹೋದ್ರೆ ಕಾದಿದ್ದೆಲ್ಲ ದಂಡ" ಅನ್ನುತ್ತಾಳೆ. ನಗುತ್ತಲೇ ಅನ್ನುತ್ತಾಳೆ. ಆ ನಗು ನೋಡಲಾಗದೆ ನಾನು ಮೆಷಿನ್ ತುಳಿಯುತ್ತೇನೆ.

ತಾತನನ್ನು ಇನ್ನೊಂದು ಸಲ ಕೇಳು. ಸರಿಯಾಗಿ ಕೇಳು. ಎಷ್ಟು ದಿನ ಕಾಯಬೇಕು ಎಂದು ಕೇಳು. ಅವರು ಒಂದು ಸಲ ಒತ್ತಿದರೋ ಎರಡು ಸಲವೋ, ಅದನ್ನಷ್ಟೇ ಬರೆ.

ಅಕ್ಕ

~

ಜುಲೈ 4

ಅಕ್ಕಾ,

ಈ ಕಾಗದ ಕೈಗೆ ಸಿಕ್ಕ ಕೂಡಲೇ ಅಂಗಡಿಯ ಬಾಗಿಲು ಹಾಕು. ಕಾಜಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಮಿಕ್ಕದ್ದನ್ನು ಆಮೇಲೆ ಓದು.

ತಾತ ಏನನ್ನೂ ಹೇಳಿಲ್ಲ. ಅವರ ಕೈ ಸತ್ತು ಮೂರೂವರೆ ತಿಂಗಳಾಯಿತು.

ಮಾರ್ಚ್ ಹದಿನೆಂಟರ ಬೆಳಿಗ್ಗೆ ಮೈ ಒರೆಸಲು ಹೋದೆ. ಎಡಗೈ ಎತ್ತಿದರೆ ಒದ್ದೆ ಬಟ್ಟೆಯಂತೆ ಜಾರಿ ಮಂಚದ ಪಟ್ಟಿಗೆ ಬಡಿಯಿತು. ಬಾಯಿ ಇನ್ನಷ್ಟು ಓರೆಯಾಗಿತ್ತು. ಇನ್ನೊಂದು ಸಲ ಲಕ್ವ ಹೊಡೆದಿದೆ ಎಂದು ನೋಡಿದ ತಕ್ಷಣ ಗೊತ್ತಾಯಿತು. ಓಡಿಹೋಗಿ ಡಾಕ್ಟರನ್ನು ಕರೆಯಬೇಕಿತ್ತು. ಬಾಗಿಲವರೆಗೆ ಹೋದೆ. ಕೆಳಗೆ ಹಾಲ್‌ನಲ್ಲಿ ಜನ ಸೇರುತ್ತಿದ್ದ ಸದ್ದು ಬಂತು. ಚಪ್ಪಲಿ ಬಿಡುವ ಸದ್ದು, ಮಕ್ಕಳನ್ನು ಸುಮ್ಮನಿರಿಸುವ ಸದ್ದು. ಕೈ ಹೋಯಿತೆಂದರೆ ಇವರೆಲ್ಲ ಎದ್ದು ಹೋಗುತ್ತಾರೆ, ನಾನು ಮತ್ತೆ ಗ್ರೀಸು ಮೆತ್ತಿದ ಬನಿಯನ್ನಿನ ಲಿಫ್ಟ್‌ನವನಾಗುತ್ತೇನೆ ಎಂದುಕೊಂಡೆ. ಬಾಗಿಲು ತೆರೆಯಲಿಲ್ಲ. ತಾತನನ್ನು ಕುರ್ಚಿಗೆ ಕೂರಿಸಿ, ಕೈ ಮೇಲೆ ಶಾಲು ಹೊದಿಸಿ ಕೆಳಗೆ ಕರೆತಂದೆ. ಶಾಲಿನ ಒಳಗೆ ಕೈಯಿಟ್ಟು ಮೊದಲನೆಯವರಿಗೆ ಉತ್ತರ ಹೇಳಿದೆ. ನಾಲಿಗೆ ತೊದಲುತ್ತದೆ ಎಂದುಕೊಂಡಿದ್ದೆ. ತೊದಲಲಿಲ್ಲ.

ಕುರ್ಚಿಯನ್ನು ಕಿಟಕಿಗೆ ತಿರುಗಿಸಿದ್ದು ಬೆಳಕಿಗಲ್ಲ. ತಾತನ ಕಣ್ಣಿಗೆ ಹೆದರಿ. ಮೈಯೆಲ್ಲ ಸತ್ತರೂ ಕಣ್ಣು ಬದುಕಿವೆ. ನಾನು ಅವರ ಹೆಸರಿನಲ್ಲಿ ಬಾಯಿ ತೆರೆದಾಗಲೆಲ್ಲ ಆ ಕಣ್ಣು ನನ್ನ ತುಟಿಯ ಮೇಲೆ ಇರುತ್ತಿದ್ದವು. ಒಂದು ವಾರ ತಡೆದುಕೊಂಡೆ. ಎಂಟನೆಯ ದಿನ ಕುರ್ಚಿ ತಿರುಗಿಸಿದೆ.

ಕಾಜಕ್ಕ ಬರಬಾರದು ಎಂದು ಬರೆದೆ, ಆದರೆ ಯಾಕೆಂದು ಬರೆಯಲಿಲ್ಲ. ಮುಂದಿನ ಸಾಲಿನಲ್ಲಿ ಅವರನ್ನು ಕಂಡಾಗ ತಾತನ ಕೈ ಮೇಲಿನ ಶಾಲನ್ನು ಇನ್ನಷ್ಟು ಎಳೆದೆ. ಆಪರೇಷನ್ ಮಾಡಿಸಿಕೊಳ್ಳಿ ಎನ್ನಲು ಹೊರಟಿದ್ದೆ ಅಕ್ಕಾ, ನಿಜವಾಗಿಯೂ. ಅಷ್ಟರಲ್ಲಿ ಹಾಲ್‌ನಲ್ಲಿದ್ದ ಜನರನ್ನು ನೋಡಿದೆ. ಡಾಕ್ಟರು ಹೇಳಿದ್ದನ್ನೇ ತಾತನೂ ಹೇಳಿದರೆ ಅದರಲ್ಲೇನು ವಿಶೇಷ ಎಂಬ ಯೋಚನೆ ಬಂತು. ಅದು ಬರಲು ಎಷ್ಟು ಹೊತ್ತಾಯಿತು ಗೊತ್ತೇ? ಉಗುಳು ನುಂಗುವಷ್ಟು. ಆಮೇಲೆ ಬಾಯಿಂದ ಬಂದದ್ದು ನಿನಗೆ ಗೊತ್ತು.

ಹೋಗು. ಈಗಲೇ ಹೋಗು.

~

ಜುಲೈ 16

ನಿನ್ನನ್ನು ಏನೆಂದು ಕರೆಯಲಿ ಎಂದು ಅರ್ಧ ದಿನ ಯೋಚಿಸಿದೆ. ಕರೆಯದೆಯೇ ಬರೆಯುತ್ತೇನೆ.

ನಿನ್ನ ಕಾಗದ ಬಂದ ದಿನವೇ, ಬರಲ್ಲ ಎನ್ನುತ್ತಿದ್ದವಳನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಡಾಕ್ಟರು ಮುಟ್ಟಿ ನೋಡಿ ಕೈ ತೊಳೆದುಕೊಂಡರು. ಆ ನಲ್ಲಿಯ ಸದ್ದು ಇನ್ನೂ ಕಿವಿಯಲ್ಲಿದೆ. ಹನ್ನೊಂದನೇ ತಾರೀಖು ಆಪರೇಷನ್ ಆಯಿತು. ಮಾರ್ಚಿನಲ್ಲಿ ಬಂದಿದ್ದರೆ ಗಂಟಷ್ಟನ್ನೇ ತೆಗೆಯಬಹುದಿತ್ತು ಅಂದರು. ಈಗ ಎದೆಯನ್ನೇ ತೆಗೆದಿದ್ದಾರೆ, ಕಂಕುಳಲ್ಲಿದ್ದದ್ದನ್ನೂ. "ಎಲ್ಲ ಹೊರಗೆ ಬಂದಿದೆಯಾ?" ಎಂದು ಕೇಳಿದೆ. "ನೋಡೋಣ" ಅಂದರು. ಡಾಕ್ಟರು ನೋಡೋಣ ಅಂದರೆ ಏನರ್ಥವೋ ನೀನೇ ಹೇಳು, ಕೈ ಹಿಡಿದು ಅರ್ಥ ಹೇಳುವವನಲ್ಲವೇ ನೀನು?

ಅವಳಿಗೆ ಇನ್ನೂ ನಿಜ ಹೇಳಿಲ್ಲ. ಅರಿವಳಿಕೆ ಇಳಿಯುವಾಗ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ತಾತ ಬೇಜಾರು ಮಾಡ್ಕೊಳ್ತಾರಾ?" ಎಂದು.

ಹಲ್ಲು ಕಚ್ಚಿ ನಿನಗೆ ಇನ್ನೂ ನಾಲ್ಕು ಹಾಳೆ ಬೈದು ಬರೆದಿದ್ದೆ. ಹರಿದು ಹಾಕಿದೆ. ಯಾಕೆಂದರೆ ಒಂದು ಮಾತನ್ನು ನಾನೂ ಮುಚ್ಚಿಟ್ಟಿದ್ದೇನೆ.

"ಕತ್ತರಿ" ಎಂದು ಅವಳು ಹೇಳಿದಾಗಲೇ ನನಗೆ ತಿಳಿಯಿತು, ಅದು ತಾತನ ಮಾತಲ್ಲ, ನಿನ್ನದು. ಹೌದು, ಅಲ್ಲ ಎಂದಷ್ಟೇ ಹೇಳಬಲ್ಲ ಕೈ ಕತ್ತರಿಯನ್ನು ಎಲ್ಲಿಂದ ತಂದೀತು? ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಸುಮ್ಮನಿದ್ದೆ. ಅವಳನ್ನು ನಿನ್ನ ಹತ್ತಿರ ಕಳಿಸಿದ್ದೂ ಅವಳ ಒಳ್ಳೆಯದಕ್ಕಲ್ಲ. ಆ ಕುರ್ಚಿಯ ಮೇಲೆ ನನ್ನ ತಮ್ಮ ಕೂತದ್ದನ್ನು ನಮ್ಮ ಬೀದಿಯವರೊಬ್ಬರು ಕಣ್ಣಾರೆ ನೋಡಿ ಬಂದು ಹೇಳಲಿ ಎಂದು ಕಳಿಸಿದ್ದು. ಹೇಳಿದಳು. ಮೂರು ತಿಂಗಳು ಹೇಳಿದಳು. ನಾನು ಕಾಲ ಮೇಲೆ ಕಾಲು ಹಾಕಿ ಕೇಳಿದೆ.

ನೀನು ಒಂದು ಬಾಗಿಲು ಹಾಕಿದೆ, ನಾನು ಒಂದು ಡ್ರಾಯರು ಹಾಕಿದೆ. ಅಷ್ಟೇ ವ್ಯತ್ಯಾಸ.

ನೀನು ಈಗ ಏನು ಮಾಡುತ್ತೀಯ? ಇನ್ನೂ ಆ ಕುರ್ಚಿಯಲ್ಲೇ ಇದ್ದೀಯಾ?

~

ಆಗಸ್ಟ್ 3

ಅಕ್ಕಾ,

ಇಲ್ಲ, ಇಳಿದಿದ್ದೇನೆ. ಇಳಿದ ರೀತಿಯನ್ನು ಬರೆಯುವುದಕ್ಕೆ ಹೆದರಿಕೆಯಾಗುತ್ತಿದೆ.

ನಿನ್ನ ಕಾಗದ ಬಂದ ಮರುದಿನವೇ ಭಾನುವಾರ. ಹಾಲ್ ತುಂಬಿತ್ತು. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ತಾತನ ಕೈಯಲ್ಲಿ ಜೀವವಿಲ್ಲ, ಮಾರ್ಚಿನಿಂದ ನಾನು ಹೇಳಿದ್ದೆಲ್ಲ ಸುಳ್ಳು, ಒಬ್ಬ ಹೆಂಗಸಿನ ಪ್ರಾಣಕ್ಕೆ ಕುತ್ತು ತಂದಿದ್ದೇನೆ ಎಂದೆ. ಕಲ್ಲು ತೂರುತ್ತಾರೆ, ಕನಿಷ್ಠ ಉಗಿಯುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಮುಂದಿನ ಸಾಲಿನ ಮುದುಕಿಯೊಬ್ಬರು ಎದ್ದು ಬಂದು ನನ್ನ ಕಾಲು ಹಿಡಿದುಕೊಂಡರು. "ಇಷ್ಟು ದೊಡ್ಡವರಾದ್ರೂ ಎಷ್ಟು ವಿನಯ ನೋಡಿ" ಎಂದು ಅತ್ತರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. "ನಮ್ಮನ್ನ ಪರೀಕ್ಷೆ ಮಾಡ್ತಿದ್ದಾರೆ" ಎಂದು ಯಾರೋ ಪಿಸುಗುಟ್ಟಿದರು.

ನಾನು "ಅಲ್ಲ, ಅಲ್ಲ, ಸುಳ್ಳುಗಾರ ನಾನು" ಎಂದು ಕೂಗಿದೆ. ಕೂಗಿದಷ್ಟೂ ಬಗ್ಗಿದರು.

ಕಾರ್ಯದರ್ಶಿಗಳು ನನ್ನನ್ನು ಒಳಗೆ ಕರೆದೊಯ್ದು ನೀರು ಕೊಟ್ಟರು. "ಕೈ ಹೋಗಿದ್ದು ನನಗೂ ಅನುಮಾನ ಇತ್ತು ಕಣಯ್ಯಾ" ಅಂದರು. "ಆದ್ರೆ ಇವತ್ತು ಮಾತಾಡಿದೆಯಲ್ಲ, ಅದು ತಾತನ ಮಾತಿಗಿಂತ ಚೆನ್ನಾಗಿತ್ತು. ಇನ್ಮೇಲೆ ಕೈ ಗೀ ಏನೂ ಬೇಡ. ನೀನೇ ಮಾತಾಡು."

ಅಕ್ಕಾ, ನನಗೆ ಹೆದರಿಕೆಯಾದದ್ದು ಅವರಿಂದಲ್ಲ. ಆ ಮುದುಕಿ ಕಾಲು ಹಿಡಿದಾಗ, ನಾನೂ ಅಳುತ್ತಿದ್ದಾಗಲೇ, ನನ್ನೊಳಗೆ ಯಾವುದೋ ಒಂದು ಮೆಲ್ಲನೆ ಕಾಲು ಚಾಚಿಕೊಂಡು ಕೂತಿತು. ಸುಖವಾಗಿ. ತಪ್ಪೊಪ್ಪಿಗೆಯನ್ನೂ ತಿಂದು ಕೊಬ್ಬುವಂಥದ್ದು. ಆರು ವರ್ಷ ಕಣ್ಣು ಮುಚ್ಚಿ ಕೂತು ನಾನು ಸಾಕಿದ್ದು ಅದನ್ನೇ ಏನೋ. ಲಿಫ್ಟ್ ಓಡಾಡುವ ಸಂದಿನಲ್ಲಿ ಹತ್ತು ಮಹಡಿ ಎತ್ತರದಲ್ಲಿ ಒಂದು ಕಾಲಿನ ಮೇಲೆ ನಿಂತಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಕಾರ್ಯದರ್ಶಿಗಳ ಮಾತು ಕೇಳದೆ ಆವತ್ತೇ ಆಂಬುಲೆನ್ಸ್ ಕರೆಸಿ ತಾತನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದೆ. ಅಲ್ಲಿಯ ನರ್ಸು ಕೈ ಮುಟ್ಟಲೇ ಇಲ್ಲ. ಮುಖದ ಹತ್ತಿರ ಬಗ್ಗಿ, "ಅಜ್ಜಾ, ಹೌದಾದ್ರೆ ಒಂದ್ಸಲ ಕಣ್ಣು ಮಿಟುಕಿಸಿ, ಅಲ್ಲ ಅಂದ್ರೆ ಎರಡ್ಸಲ" ಅಂದಳು. ಅವರು ಮಿಟುಕಿಸಿದರು. ಅಷ್ಟೇ ಅಕ್ಕಾ. ನಾನು ಕಿಟಕಿಗೆ ತಿರುಗಿಸಿಟ್ಟಿದ್ದ ಕಣ್ಣು!

ಆ ನರ್ಸಿಗೆ ನಾನು ಮೂರು ಪ್ರಶ್ನೆ ಬರೆದುಕೊಟ್ಟು ಬಾಗಿಲ ಹತ್ತಿರ ನಿಂತೆ. ನಾನೇ ಕೇಳಿದರೆ ನನಗೆ ಬೇಕಾದದ್ದೇ ಕಾಣುತ್ತದೆ ಎಂಬ ಭಯ. ಇವರು ನಿಮ್ಮ ಹೆಸರಿನಲ್ಲಿ ಹೇಳಿದ್ದೆಲ್ಲ ನಿಮಗೆ ಕೇಳಿಸುತ್ತಿತ್ತಾ? ಒಂದು ಸಲ. ಅದು ನಿಮ್ಮ ಮಾತಾ? ಎರಡು ಸಲ. ಇವರು ಇಲ್ಲಿಂದ ಹೊರಟುಹೋಗಬೇಕಾ? ತಾತ ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ. "ನಿದ್ದೆ ಬಂದಿರಬೇಕು" ಎಂದಳು ನರ್ಸು.

ಆ ಮುಚ್ಚಿದ ಕಣ್ಣಿಗೆ ಅಷ್ಟರಲ್ಲೇ ನನ್ನ ತಲೆಯಲ್ಲಿ ಮೂರು ಅರ್ಥ ಹುಟ್ಟಿದ್ದವು. ಮೂರೂ ನನಗೆ ಅನುಕೂಲವಾದವೇ. ಅವು ನಾಲ್ಕಾಗುವ ಮೊದಲು ಮೆಟ್ಟಿಲು ಇಳಿದು ಬಂದುಬಿಟ್ಟೆ.

ಈಗ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದೇನೆ. ಲಿಫ್ಟ್ ವರ್ಕ್‌ಶಾಪಿನ ಹಳೆಯ ಮೇಸ್ತ್ರಿಯೇ ಮತ್ತೆ ಕೆಲಸ ಕೊಟ್ಟಿದ್ದಾರೆ. ಕಾರ್ಯದರ್ಶಿಗಳು ಮೌನದ ಮನೆಗೆ ತಾತನ ಕಣ್ಣು ಓದುವವರೊಬ್ಬರನ್ನು ಹುಡುಕುತ್ತಿದ್ದಾರಂತೆ. ಅದಕ್ಕೇ ತಾತನನ್ನು ವಾಪಸ್ ಕಳಿಸಬೇಡಿ ಎಂದು ಡಾಕ್ಟರಿಗೆ ಬರೆದುಕೊಟ್ಟು ಬಂದಿದ್ದೇನೆ. ಕಾಜಕ್ಕನಿಗೆ ನಿಜವನ್ನು ನಾನೇ ಬಂದು ಹೇಳಲೇ?

ತಮ್ಮ

~

ಆಗಸ್ಟ್ 21

ತಮ್ಮಾ,

ಬೇಡ, ನಾನೇ ಹೇಳಿದೆ. ನಿನ್ನದನ್ನೂ ಹೇಳಿದೆ, ನನ್ನದನ್ನೂ ಹೇಳಿದೆ. ಡ್ರಾಯರಿನ ಕಾಗದಗಳನ್ನು ತೆಗೆದು ಅವಳ ಮುಂದಿಟ್ಟೆ. ಅವಳು ಓದಿ, ಮಡಿಚಿ, ಒಂದು ಶರ್ಟು ಎತ್ತಿಕೊಂಡು ಆರು ಕಾಜಾ ಹಾಕಿದಳು. ಆರು ಕಾಜಾ ಎಂದರೆ ಎಷ್ಟು ಹೊತ್ತು ಎಂದು ನನಗೆ ಆವತ್ತು ಗೊತ್ತಾಯಿತು. ಆಮೇಲೆ, "ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತಿದ್ದೀಯಲ್ಲೇ" ಅಂದಳು. ಅಷ್ಟೇ. ಹತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಕೆಲಸಕ್ಕೆ ಮಾತ್ರ ಬಂದಳು.

ಮೊನ್ನೆ ಡಾಕ್ಟರು ರೇಡಿಯೇಷನ್, ಅದೇ ಕರೆಂಟಿನ ಚಿಕಿತ್ಸೆ, ಆಗಬೇಕು ಅಂದರು. ಆ ಮೆಷಿನ್ ಇರುವುದು ನಿಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರ. ಐದು ವಾರ, ದಿನಾ ಹೋಗಬೇಕು. ಆಸ್ಪತ್ರೆಯ ಹಿಂದೆಯೇ ಹೆಂಗಸರಿಗೆ ಉಳಿಯಲು ಜಾಗವಿದೆಯಂತೆ. ಆದರೆ ದಿನಾ ಜೊತೆಗೆ ಒಬ್ಬರು ಇರಬೇಕು. ನಾನು ಮೊದಲ ವಾರ ಇರಬಲ್ಲೆ. ಆಮೇಲೆ ಅಂಗಡಿ ಮುಚ್ಚಿದರೆ ನಮ್ಮಿಬ್ಬರಿಗೂ ಅನ್ನವಿಲ್ಲ. ಆ ಊರಿನಲ್ಲಿ ಅವಳಿಗೆ ಗುರುತಿರುವುದು ಒಬ್ಬನೇ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವಳೇ ಹೇಳಿದಳು.

"ಬರ್ಲಿ" ಅಂದಳು. "ಆದ್ರೆ ಕಾಲಿಗೆ ಬೀಳೋದು, ಅಳೋದು ಏನೂ ಬೇಡ. ಅವನ ಅಳು ನೋಡ್ಕೊಳ್ಳೋ ಶಕ್ತಿ ನನಗಿಲ್ಲ. ಎಲ್ಲ ಸರಿಹೋಗುತ್ತೆ ಅಂತ ಒಂದು ಮಾತು ಅಂದ್ರೂ ಎದ್ದು ಹೋಗು ಅಂತೀನಿ."

ಕ್ಷಮಿಸಿದ್ದಾಳೆ ಎಂದು ತಿಳಿಯಬೇಡ. ನನ್ನನ್ನೂ ಕ್ಷಮಿಸಿಲ್ಲ. ಅವಳಿಗೆ ಜನ ಬೇಕು, ಸಿಕ್ಕಿರುವುದು ನಾವು.

ಅಕ್ಕ

~

ಸೆಪ್ಟೆಂಬರ್ 17

ಅಕ್ಕಾ,

ನೀನು ಹೋಗಿ ಒಂಬತ್ತು ದಿನವಾಯಿತು. ಕೆಲಸದಲ್ಲಿ ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಿದ್ದೇನೆ. ಎಂಟಕ್ಕೆ ಕಾಜಕ್ಕನನ್ನು ಕರೆದುಕೊಂಡು ಬಂದು, ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನ ಮೇಲೆ ಕೂರುತ್ತೇವೆ. ಕಿಟಕಿ ಇಲ್ಲ. ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ. ನಮ್ಮ ಮುಂದೆ ಹನ್ನೆರಡು, ಹದಿನೈದು ಜನ ಇರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ನೀನು ಹೋದ ಮೇಲಿನ ಮೊದಲ ವಾರ ಕಾಜಕ್ಕ ನನ್ನ ಜೊತೆ ಆಡಿದ ಮಾತು ಬೆರಳೆಣಿಕೆಯಷ್ಟು. "ನೀರು." "ಚೀಟಿ ಎಲ್ಲಿ?" "ಆ ಕಡೆ ಕೂತ್ಕೋ." ನಾನು ಆ ಕಡೆ ಕೂತೆ. ಚರ್ಮ ಸುಟ್ಟು ಕಪ್ಪಾಗಿದೆ, ಸೀರೆಯ ಅಂಚು ತಾಗಿದರೂ ಹಲ್ಲು ಕಚ್ಚುತ್ತಾರೆ. ನಾನು ನೋಡಲಿಲ್ಲವೆಂಬಂತೆ ಇರಬೇಕು, ನೋಡದೆಯೂ ಇರಬಾರದು. ಅದನ್ನು ಇನ್ನೂ ಕಲಿಯುತ್ತಿದ್ದೇನೆ.

ಇವತ್ತು ಮೆಷಿನ್ ಕೆಟ್ಟು ಒಂದು ಗಂಟೆ ತಡವಾಯಿತು. ಕಾಜಕ್ಕ ಗೋಡೆಗೆ ತಲೆಯಾನಿಸಿ ಕೂತಿದ್ದರು. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗದೆಯೇ ಕೇಳಿದರು.

"ನಾನು ಬದುಕ್ತೀನೇನೋ?"

ಬಾಯಿಯ ತುಂಬ ಮಾತು ಬಂದು ನಿಂತವು ಅಕ್ಕಾ, ಒಂದಕ್ಕಿಂತ ಒಂದು ಚಂದವಾದವು, ಹಾಲ್‌ನಲ್ಲಿ ಹೇಳುತ್ತಿದ್ದಂಥವು. ಎದುರು ಬೆಂಚಿನ ಇಬ್ಬರೂ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಚೀಟಿಯನ್ನು ಮಡಿಚಿದೆ.

"ಗೊತ್ತಿಲ್ಲ ಕಾಜಕ್ಕ" ಅಂದೆ.

ಎದ್ದು ಹೋಗು ಎನ್ನುತ್ತಾರೆಂದು ಕಾದೆ. "ನನಗೂ ಗೊತ್ತಿಲ್ಲ" ಅಂದರು. "ಡಾಕ್ಟರಿಗೂ ಗೊತ್ತಿಲ್ಲ, ಆದ್ರೆ ಅವ್ರು ಹೇಳಲ್ಲ." ಆಮೇಲೆ ಚೀಲದಿಂದ ಒಂದು ಕಿತ್ತಳೆ ತೆಗೆದು ಅರ್ಧ ನನಗೆ ಕೊಟ್ಟರು. ಹುಳಿ ಇತ್ತು. ಇಬ್ಬರೂ ಮುಖ ಹಿಂಡಿಕೊಂಡು ತಿಂದೆವು.

ಈಗ ಅವರ ನಂಬರ್ ಕರೆದಿದ್ದಾರೆ. ಕನ್ನಡಕವನ್ನೂ ಚೀಲವನ್ನೂ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬಾಗಿಲ ಮೇಲೆ ಕೆಂಪು ದೀಪ ಹತ್ತಿದೆ. ಒಳಗೆ ಅವರೊಬ್ಬರೇ, ಆ ಮೆಷಿನ್ನಿನ ಕೆಳಗೆ.

ಅವರಿಗಾಗಿ ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದೆ. ತಕ್ಷಣ ತೆರೆದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದೆ.

ಯಾರೂ ನೋಡುತ್ತಿರಲಿಲ್ಲ. ಮತ್ತೆ ಮುಚ್ಚಿದೆ.

ತಮ್ಮ